ನಾಲ್ಕು ಬ್ಯಾಟರಿಯ ಗಾಡಿ

ನಿಮ್ಮ ಅಜ್ಜನಿಗೆ ನನಗಿಂತ ಲಾರಿ ಬ್ಯಾಟರಿಗಳ ಮೇಲೇ ಪ್ರೀತಿ ಹೆಚ್ಚು ಅಂದರೆ ನೀವು ನಗುತ್ತೀರಿ. ನಗಿ. ನಾನಂತೂ ಕಣ್ಣಾರೆ ಕಂಡವಳು.

ಜಗಳೂರಿನ ಬಸ್ ನಿಲ್ದಾಣದ ಹತ್ತಿರ ಅವರದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಆಸಿಡ್ ಸಿಡಿದು ತೂತಾಗದ ಅಂಗಿ ಒಂದೂ ಇರಲಿಲ್ಲ. ಚಾರ್ಜಿಗಿಟ್ಟ ಬ್ಯಾಟರಿಗೆ ಕಿವಿಗೊಟ್ಟು ಒಳಗಿನ ಗುಳುಗುಳು ಕೇಳುವರು. ಹೆತ್ತ ಮಗುವಿನ ಹೊಟ್ಟೆಗೂ ಅಷ್ಟು ಕಿವಿಗೊಟ್ಟವರಲ್ಲ!

"ತುಂಬೈತಾ ಯಜಮಾನ್ರೆ?" ಎಂದು ಟ್ರ್ಯಾಕ್ಟರಿನವರು ಕೇಳಿದರೆ, "ಇನ್ನೆರಡು ತುತ್ತು ಬಾಕಿ ಐತೆ, ಚಾ ಕುಡ್ದು ಬರ್ರಿ" ಅನ್ನುವರು.

ಎಂಬತ್ತರ ದಶಕದಲ್ಲಿ ಇವರ ತಲೆಗೆ ಬ್ಯಾಟರಿ ಗಾಡಿ ಹೊಕ್ಕಿತು. ಕಾರಣ ನಾನೇ. ಬಸ್ ಹತ್ತಿದರೆ ಡೀಸೆಲ್ ವಾಸನೆಗೆ ನನಗೆ ವಾಂತಿ. ತವರೂರು ಸೊಕ್ಕೆಯಲ್ಲಿ ನನ್ನ ಅವ್ವ ಕಾಲು ಮುರಿದುಕೊಂಡು ಮಲಗಿದ್ದಳು, ನೋಡದೆ ಹೇಗಿರಲಿ? "ಹೊಗೆ ಇಲ್ದಂಗೆ ಕರ್ಕೊಂಡು ಹೋಗ್ತೀನಿ ಬಿಡು" ಎಂದವರೇ ಸೈಕಲ್ ರಿಕ್ಷಾಕ್ಕೆ ಮೋಟರು ಕಟ್ಟಿ, ಸೀಟಿನಡಿ ನಾಲ್ಕು ಹಳೆ ಬ್ಯಾಟರಿ ಜೋಡಿಸಿದರು.

ಅದಕ್ಕೆಂದೇ ದಾವಣಗೆರೆಯಿಂದ ಬ್ಯಾಟರಿ ಅಳೆಯುವ ಹೊಸ ಮೀಟರು ಬಂತು. ಅದರಲ್ಲಿ ಮುಳ್ಳಿಲ್ಲ, ಗಾಜಿನೊಳಗೆ ಅಂಕಿಗಳೇ ಮೂಡುತ್ತವೆ. ಕೊನೆಯ ಅಂಕಿ ಮಾತ್ರ ನಾಲ್ಕು, ಐದು, ನಾಲ್ಕು, ಐದು ಎಂದು ಕುಣಿಯುತ್ತಿತ್ತು.

"ಒಂದು ಮಾತಿನ ಮೇಲೆ ನಿಲ್ಲೋ ಮಾರಾಯ" ಎಂದು ಅಜ್ಜ ಬೈದರು. "ಮುಳ್ಳಾಗಿದ್ರೆ ನಡುವೆ ನಿಲ್ತಿತ್ತು. ಇದಕ್ಕೆ ನಡುವೆ ಅನ್ನೋದೇ ಗೊತ್ತಿಲ್ಲ."

"ನಿನಗೆ ಗೊತ್ತೈತೇನಪ್ಪ?" ಎಂದರು ಒಳಗಿನಿಂದ ನಮ್ಮ ಅತ್ತೆ.

ಹೊರಡುವ ದಿನ ನಾಲ್ಕೂ ಬ್ಯಾಟರಿಗಳನ್ನು ಒಟ್ಟಿಗೆ ಅಳೆದರು. ಒಂದಕ್ಕೆ ಹನ್ನೆರಡರಂತೆ ನಲವತ್ತೆಂಟು ವೋಲ್ಟು. "ಭರ್ತಿ ಐತೆ, ಗಾಡಿ ಹತ್ತು" ಎಂದು ಮೀಟರನ್ನು ನನ್ನ ಮಡಿಲಿಗಿಟ್ಟರು. ದಾರಿಯುದ್ದಕ್ಕೂ ನಾನು ಅಂಕಿ ಓದಬೇಕಂತೆ! ಜನ ಕಂಡರೆ ನಾಚಿ ಸೆರಗಿನೊಳಗೇ ಓದುತ್ತಿದ್ದೆ.

"ಜೋರಾಗಿ ಓದೇ, ಮಂತ್ರ ಹೇಳ್ದಂಗೆ ಗೊಣಗಬ್ಯಾಡ."

ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಹಿಂದಿನಿಂದ ಬಂದ ಕುರಿ ಹಿಂಡು ನಮ್ಮನ್ನು ದಾಟಿಕೊಂಡು ಹೋಯಿತು. ಕುರಿಗಾಹಿ ತಿರುಗಿ, "ಯಣ್ಣಾ, ನನ್ನ ಟಗರು ಕಟ್ಟಿ ಎಳೀರಿ, ಅದಕ್ಕೆ ಚಾರ್ಜು ಬ್ಯಾಡ" ಅಂದ.

ಅಜ್ಜ ಸೀಟು ಎತ್ತಿ ಒಂದೊಂದೇ ಬ್ಯಾಟರಿ ಅಳೆದರು. ಮೂರು ಗಟ್ಟಿಯಾಗಿದ್ದವು. ಒಂದು ಸೋತು ಹೋಗಿತ್ತು.

"ನೋಡಿದ್ಯಾ? ಮೂರರ ಹೊಟ್ಟೆ ತುಂಬೈತೆ, ಇದೊಂದು ಉಪವಾಸ. ಒಟ್ಟು ಅಳತೆಯೊಳಗೆ ಅಡಗಿ ಕೂತಿತ್ತು."

ಎತ್ತಿನ ಗಾಡಿಯವರೊಬ್ಬರು ಹಗ್ಗ ಕಟ್ಟಿ ನಮ್ಮನ್ನು ಸೊಕ್ಕೆಗೆ ಎಳೆದುಕೊಂಡು ಹೋದರು. ಅವ್ವ ಮಲಗಿದಲ್ಲೇ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ನನ್ನ ತೋಳು ಹಿಡಿದು, "ಎಷ್ಟು ಸೊರಗೀಯೆ" ಅಂದಳು.

"ಹಂಗೇನಿಲ್ಲತ್ತೆ, ನಮ್ಮನ್ಯಾಗೆ ಎಲ್ಲಾರೂ ಹೊಟ್ಟೆ ತುಂಬಾ ಉಣ್ತೀವಿ" ಎಂದರು ಅಜ್ಜ. ಅಂದವರು ನನ್ನ ಕಡೆ ನೋಡಿದರು. ಸಂಜೆ ಅದೇ ಎತ್ತಿನ ಗಾಡಿಯ ಹಿಂದೆ ಊರಿಗೆ ಮರಳುವಾಗಲೂ ಮತ್ತೆ ಮತ್ತೆ ತಿರುಗಿ ನನ್ನ ತೋಳನ್ನೇ ನೋಡುತ್ತಿದ್ದರು.

ಮರುದಿನ ಮಧ್ಯಾಹ್ನ ಅತ್ತೆ, ಮೈದುನ, ಅಜ್ಜ ಉಂಡು ಎದ್ದರು. ನನ್ನದು ಯಾವಾಗಲೂ ಕೊನೆಯ ಊಟ. ಕೈ ತೊಳೆದ ಅಜ್ಜ ಹೊರಗೆ ಹೋಗಲಿಲ್ಲ.

"ಅವ್ವಾ, ಊಟ ಆತಾ?" ಎಂದು ಅತ್ತೆಯನ್ನು ಕೇಳಿದರು.

"ಎಲ್ಲಾರದೂ ಆತಪ್ಪ."

"ಎಲ್ಲಾರದೂ ಅನ್ಬ್ಯಾಡ. ಒಬ್ಬೊಬ್ಬರದೇ ಹೇಳು."

ಅತ್ತೆ ಕಣ್ಣು ಕಣ್ಣು ಬಿಟ್ಟರು. ಅಜ್ಜ ನೇರ ಒಳಗೆ ಬಂದು ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದರು. ಅರ್ಧ ರೊಟ್ಟಿ ಇತ್ತು. "ದಿನಾ ಇಷ್ಟೇನಾ?" ಅಂದರು. ನಾನು ತಲೆ ತಗ್ಗಿಸಿದೆ.

ಹಿಟ್ಟಿನ ಡಬ್ಬಿ ಹುಡುಕಿ ತಾವೇ ರೊಟ್ಟಿ ಬಡಿಯಲು ಕೂತರು. ಅದು ನಮ್ಮ ತಾಲೂಕಿನ ನಕ್ಷೆಯ ಹಾಗೆ ಬಂತು, ಅಂಚೆಲ್ಲ ಕರಿ. ನಾನು ತಿನ್ನುವಾಗ ಎದುರಿಗೇ ಕೂತು ನೋಡುತ್ತಿದ್ದರು. ಸಾಕೆಂದು ಏಳಹೋದೆ.

"ಕೂತ್ಕೋ," ಎಂದರು ಮೆಲ್ಲಗೆ. "ಇನ್ನೆರಡು ತುತ್ತು ಬಾಕಿ ಐತೆ."