ಪಾತ್ರೆ ಚೀಟಿಗಳ ಬಡ್ಡಿದರ ಹಾಗೂ ಕಾಣೆಯಾದ ಹದಿನೆಂಟು

ಇಂದ:
ಹಿರಿಯ ಅಳಿಯ, ಕೇಂದ್ರ ಬ್ಯಾಂಕಿನ ಟೈಪಿಸ್ಟ್,
ತಮ್ಮದೇ ಮನೆಯ ಮಹಡಿ ಕೋಣೆ.

ಗೆ:
ಅತ್ತೆಯವರು, ಪಾತ್ರೆ ಚೀಟಿಗಳ ಏಕೈಕ ಸಹಿದಾರರು,
ಅಡುಗೆಮನೆ.

ವಿಷಯ: ಚೀಟಿಗಳು ಮಿತಿಮೀರಿ ಅರ್ಜಿದಾರನ ಮದುವೆಯ ವಾರ್ಷಿಕೋತ್ಸವದ ದಿನ ಕಳೆದುಹೋದ ಬಗ್ಗೆ.

ಉಲ್ಲೇಖ: ಊಟದ ಮೇಜಿನಲ್ಲಿ ತಮ್ಮ ಮೌಖಿಕ ಆದೇಶ: "ಐದು ಚೀಟಿಗೆ ಒಂದೇ ಬಡ್ಡಿ. ಜಾಸ್ತಿ ಕೇಳಿದವರಿಗೆ ಐತೆ ಗ್ರಹಚಾರ."

ಮಾನ್ಯರೇ,

೧. ಈ ಮನೆಯಲ್ಲಿ ತಂತಮ್ಮ ಸರದಿಯ ಪಾತ್ರೆಯನ್ನು ಇನ್ನೊಬ್ಬರಿಂದ ತೊಳೆಸುವವರು ತಾವು ಸಹಿ ಹಾಕಿದ ಒಂದು ಚೀಟಿ ಕೊಡಬೇಕು. ಇಲ್ಲದವರು ಸಾಲ ತರಬೇಕು. ನಾದಿನಿಯವರು ಎರಡು ಕೊಟ್ಟು ಮೂರು ವಸೂಲಿ ಮಾಡುತ್ತಿದ್ದ ಕಾರಣ ತಾವು ಮೇಲ್ಕಂಡ ದರ ನಿಗದಿ ಮಾಡಿದಿರಿ. ಆ ದರಕ್ಕೆ ಯಾರೂ ಸಾಲ ಕೊಡಲಿಲ್ಲ.

೨. ಆಗ ತಾವು, "ಅಳಿಯಂದ್ರೇ, ನಿಮ್ಮ ಬ್ಯಾಂಕಲ್ಲಿ ಏನ್ ಮಾಡ್ತಾರೆ?" ಎಂದಿರಿ. ಅರ್ಜಿದಾರನು ಮಹಾ ಪಂಡಿತನಂತೆ, "ದರ ಹೇಳಿದ್ರೆ ಸಾಲದು ಅತ್ತೆ, ಆ ದರ ನಿಲ್ಲೋಕೆ ಬೇಕಾದಷ್ಟು ಹಣ ಬಿಡ್ಬೇಕು. ಆದ್ರೆ ದರ ಹಿಡ್ಕೊಂಡ್ರೆ ಹಣ ಎಷ್ಟಿರ್ಬೇಕು ಅನ್ನೋದು ನಮ್ಮ ಕೈಲಿರಲ್ಲ" ಎಂದನು. ಎರಡನೆಯ ವಾಕ್ಯದ ಹೊತ್ತಿಗೆ ತಾವು ಕತ್ತರಿ ಹುಡುಕುತ್ತಿದ್ದಿರಿ.

೩. ಆದ್ದರಿಂದ ಗೋಡೆಯ ಕ್ಯಾಲೆಂಡರಿನ ಹಳೆಯ ತಿಂಗಳುಗಳು ಚೀಟಿಗಳಾದವು. ದರ ಇಳಿಯಿತು. ಸಾಲ ಅಗ್ಗವಾಯಿತೆಂದು ಎಲ್ಲರೂ ಇನ್ನಷ್ಟು ಕೇಳಿದ ಕಾರಣ, ದರ ಏರದಿರಲೆಂದು ಇನ್ನೂ ಬಾರದ ತಿಂಗಳುಗಳಿಗೂ ಕತ್ತರಿ ಬಿತ್ತು.

೪. ಈಗ ಎಲ್ಲರ ಜೇಬಿನಲ್ಲೂ ಚೀಟಿ, ಸಿಂಕಿನ ತುಂಬ ಪಾತ್ರೆ. ಮದುವೆಯ ವಾರ್ಷಿಕೋತ್ಸವದ ದಿನ ತಮ್ಮ ಮಗಳೊಡನೆ ಹೊರಗೆ ಸುತ್ತಾಡಲೆಂದು, ಇಬ್ಬರ ಮೂರು ಹೊತ್ತಿನ ಸರದಿಗಾಗಿ ಅರ್ಜಿದಾರನು ಬೆರಳು ಸವೆಸಿ ಆರು ಚೀಟಿ ಕೂಡಿಸುತ್ತಿದ್ದನು. ಭಾವಮೈದುನನು, "ಆರಕ್ಕೆ ಲೋಟ ಕೂಡ ಮುಟ್ಟಲ್ಲ ಭಾವ, ಇಪ್ಪತ್ತು ಕೊಡಿ" ಎನ್ನುತ್ತಾನೆ.

೫. ಅಷ್ಟೇ ಆಗಿದ್ದರೆ ಅರ್ಜಿದಾರನು ಬಾಯಿ ಮುಚ್ಚಿಕೊಂಡಿರುತ್ತಿದ್ದನು. ಕಳೆದ ವಾರ ತಮ್ಮ ಮಗಳು ಹೊಸ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಅರ್ಜಿದಾರನು, "ಎಲ್ಲಿಗೆ ಹೊರಟೆ?" ಎಂದನು. "ಎಲ್ಲಿಗೂ ಇಲ್ಲ" ಎಂದು ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಂದಿನಿಂದ ಮಾತಿಲ್ಲ. ನಿನ್ನೆ ಕೈಗೆ ಬಂದ ಆರನೆಯ ಚೀಟಿಯನ್ನು ತಿರುಗಿಸಿ ನೋಡಿದರೆ, ಅವಳು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದ ಹದಿನೆಂಟನೇ ತಾರೀಖು. ಅರ್ಜಿದಾರನು ಬೆರಳು ಮಡಚಿ ದಿನ ಎಣಿಸಿದನು: ಅವಳು ಹೊಸ ಚಪ್ಪಲಿ ಮೆಟ್ಟಿದ್ದು ಅಂದೇ.

ಆದ್ದರಿಂದ, ಬಾಯಿಮಾತಿನಲ್ಲೇ ದರ ನಿಗದಿ ಮಾಡಬಲ್ಲ ತಾವು ಬರುವ ಭಾನುವಾರವನ್ನೇ ಹದಿನೆಂಟು ಎಂದು ಘೋಷಿಸಬೇಕಾಗಿ ವಿನಂತಿ.

ಇನ್ನೂ ಚಲಾವಣೆಯಲ್ಲಿರುವ
ತಮ್ಮ ವಿಶ್ವಾಸಿ,
ಹಿರಿಯ ಅಳಿಯ

ಅಡಕ: ಚೀಟಿ ಆರು. ಐದನ್ನು ತಾವು ಇಟ್ಟುಕೊಳ್ಳಬಹುದು. ಕೆಂಪು ಸುತ್ತಿನದನ್ನು ತಮ್ಮ ಮಗಳಿಗೆ ತಲುಪಿಸಬೇಕು.

ವಿ.ಸೂ.: ಭಾನುವಾರದ ಪಾತ್ರೆಗಳನ್ನು ತಾವೇ ತೊಳೆಯುವುದು.