ಖಂಡೆ ಪೂಜೆಗೆ ಕುಳಿತ ಕ್ಯಾಲ್ಕುಲೇಟರ್

ಓದದೇ ಇರಲು ನೆಪ ಹುಡುಕುವುದು ದೊಡ್ಡ ವಿದ್ಯೆಯೇನಲ್ಲ. ಅದರಲ್ಲಿ ನಾನು ಈಗಾಗಲೇ ಪದವೀಧರೆ ಎನ್ನಬಹುದು. ಆದರೆ ಅಪರೂಪಕ್ಕೊಮ್ಮೆ ಓದಲೇಬೇಕೆಂಬ ಬುದ್ಧಿ ಬಂದ ದಿನ ಪುಸ್ತಕವೇ ಕೈಗೆ ಸಿಗದಿದ್ದರೆ ಆಗುವ ಸಂಕಟವಿದೆಯಲ್ಲ, ಅದು ಹಗೆಯವರಿಗೂ ಬೇಡ. ನನಗೆ ಆ ಬುದ್ಧಿ ಬಂದದ್ದು ಸರಿಯಾಗಿ ಖಂಡೆ ಪೂಜೆಯ, ಅಂದರೆ ನಮ್ಮ ಕಡೆಯ ಆಯುಧ ಪೂಜೆಯ ದಿನ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ನಮ್ಮದು ಗಂಗಾವತಿ ತಾಲ್ಲೂಕಿನಲ್ಲಿ ಕಾಲುವೆ ನೀರು ಹರಿಯುವ ಒಂದು ಹಳ್ಳಿ. ಬಾಗಿಲು ತೆರೆದರೆ ಭತ್ತ. ನಾನು ಈ ಕೋರ್ಸು ಸೇರಿದಾಗ ಬೀಗರೊಬ್ಬರು, “ಹುಡುಗಿ ಏನ್ರಿ, ಗ್ಯಾರೇಜ್ ಹಾಕ್ತಾಳೇನು?” ಎಂದು ನಕ್ಕಿದ್ದರು. ಅಪ್ಪ ಅವರ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದ. ಅಜ್ಜಿ ಮಾತ್ರ, “ಹಾಕಿದ್ರ ಮೊದಲ ನಿಮ್ಮ ಗಾಡೀನ ತರ್ರಿ, ಭಾಳ ಸದ್ದ ಮಾಡ್ತೈತಿ” ಎಂದು ಅವರ ಬಾಯಿ ಮುಚ್ಚಿಸಿದ್ದಳು. ಅಜ್ಜಿ ಹನುಮಸಾಗರದವಳು, ಒಣನೆಲದ ಗಟ್ಟಿ ಹೆಣ್ಣು. ನನ್ನ ಓದಿಗೆ ಮನೆಯಲ್ಲಿ ಅವಳಷ್ಟು ದೊಡ್ಡ ಆಸರೆ ಇನ್ನೊಂದಿಲ್ಲ. ತೊಂದರೆಯಾದದ್ದೂ ಅದರಿಂದಲೇ.

ಅಪ್ಪ ಬೆಳಿಗ್ಗೆಯೇ ಟ್ರ್ಯಾಕ್ಟರ್ ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದ. ಪಡಸಾಲೆಯಲ್ಲಿ ಕುಡಗೋಲು, ಸಲಿಕೆ, ಔಷಧ ಹೊಡೆಯುವ ಪಂಪು ಸಾಲಾಗಿ ಕುಳಿತಿದ್ದವು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವುಗಳ ಪಕ್ಕದಲ್ಲಿ ನನ್ನ ಲ್ಯಾಪ್‌ಟಾಪು, ಕ್ಯಾಲ್ಕುಲೇಟರು ಮತ್ತು ಡಿಸೈನ್ ಡೇಟಾ ಬುಕ್ಕು ಇದ್ದವು. ಲ್ಯಾಪ್‌ಟಾಪಿನ ಹಣೆಗೆ ವಿಭೂತಿ, ಕ್ಯಾಲ್ಕುಲೇಟರಿನ ತಲೆಗೆ ಚೆಂಡುಹೂವು. ಡೇಟಾ ಬುಕ್ಕೆಂದರೆ ಶಾಫ್ಟು, ಗೇರು ಮುಂತಾದ ಯಂತ್ರಭಾಗಗಳ ಅಳತೆ ಗೊತ್ತುಮಾಡಲು ಬೇಕಾಗುವ ಸೂತ್ರಗಳ ದಪ್ಪ ಪುಸ್ತಕ. ಸೀನಿಯರ್‌ಗಳ ಕೈಯಲ್ಲಿ ನಲುಗಿ, ರಟ್ಟು ಹರಿದು ನನಗೆ ಬಂದಿತ್ತು. ಅಜ್ಜಿ ಅದನ್ನು ಸವರುತ್ತ, “ಎಷ್ಟ್ ದುಡಿಸೀದಿಯವ್ವಾ ಇದನ್ನ!” ಎಂದು ಕಣ್ಣು ತುಂಬಿಕೊಂಡಳು. ಹಬ್ಬದ ದಿನ ಹಿರಿಯರ ನಂಬಿಕೆ ಕೆಡಿಸಬಾರದೆಂದು ನಾನೂ ತಲೆಯಾಡಿಸಿದೆ.

ನಮ್ಮ ಮನೆಯಲ್ಲಿ ಪೂಜೆಗಿಟ್ಟ ವಸ್ತುವನ್ನು ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಮಂಗಳಾರತಿ ಮುಗಿಯಿತು. ಹೋಳಿಗೆ ಮುರಿಯುತ್ತ ಮೊಬೈಲ್ ನೋಡುತ್ತೇನೆ, ಡಿಸೈನ್ ಸರ್ ಬೆಳಿಗ್ಗೆಯೇ ಗ್ರೂಪಿಗೆ ಸಂದೇಶ ಹಾಕಿದ್ದಾರೆ: ಶಾಫ್ಟ್ ಡಿಸೈನ್ ಇಂದು ಸಂಜೆಯೊಳಗೆ ಮೇಲ್ ಮಾಡಬೇಕು, ಮಾಡದವರಿಗೆ ಇಂಟರ್ನಲ್ ಅಂಕವಿಲ್ಲ. ಮೊದಲ ಟೆಸ್ಟಿನಲ್ಲಿ ನಾನು ಗಳಿಸಿದ್ದು ಹೇಳಿಕೊಳ್ಳುವಂಥದ್ದಲ್ಲ. ಈ ಅಂಕವೂ ಹೋದರೆ ಪರೀಕ್ಷೆಗೇ ಕೂರಿಸುವುದಿಲ್ಲ. ನನ್ನ ಶಾಫ್ಟು ಅರ್ಧ ಮುಗಿದು ಆ ವಿಭೂತಿಯ ಅಡಿಯಲ್ಲಿತ್ತು. ಮುರಿದ ಹೋಳಿಗೆಯನ್ನು ಎಲೆಗೇ ಹಾಕಿದೆ.

“ಅಜ್ಜಿ, ಒಂದ್ ತಾಸಿಗೆ ಲ್ಯಾಪ್‌ಟಾಪ್ ತಗೋತೀನಿ.”

“ವರ್ಷಪೂರ್ತಿ ದುಡದಾವ, ಒಂದ್ ದಿನ ಕುಂದರ್ಲಿ. ಟ್ರ್ಯಾಕ್ಟರ್ ಸುಮ್ಮ ನಿಂತಿಲ್ಲ? ಇದಕ್ಕೇನ್ ಅವಸರ ಐತಿ?”

“ಮಾರ್ಕ್ಸ್ ಹೋಗ್ತಾವ ಅಜ್ಜಿ.”

“ಹಬ್ಬದ ದಿನ ಮಾರ್ಕ್ಸ್ ಕಿತ್ಕೊಳ್ಳೋ ಮನಶ್ಯಾ ಯಾಂವ ಅದಾನ? ಫೋನ್ ಹಚ್ಚು, ನಾ ಮಾತಾಡ್ತೀನಿ.”

ಅಂದಹಾಗೆ ಮೊಬೈಲಿಗೆ ಪೂಜೆಯಿಂದ ವಿನಾಯಿತಿ ಇತ್ತು, ಏಕೆಂದರೆ ಅಜ್ಜಿ ಸಂಜೆ ಕುಷ್ಟಗಿಯಲ್ಲಿರುವ ಮಗಳೊಡನೆ ಮಾತಾಡಬೇಕು. ಅಪ್ಪನ ಮುಖ ನೋಡಿದೆ. ಅಪ್ಪ ಎಲೆಯ ಮುಖ ನೋಡಿದ. ತಂಪಿನಿಂದ ಬಿಸಿಯ ಕಡೆಗೆ ಶಾಖ ತಾನಾಗಿ ಹರಿಯುವುದಿಲ್ಲ, ಹೊರಗಿನಿಂದ ಯಾರಾದರೂ ಶ್ರಮಪಡಬೇಕು ಎನ್ನುತ್ತದೆ ಥರ್ಮೋಡೈನಮಿಕ್ಸ್. ಅಜ್ಜಿಯಿಂದ ಅನುಮತಿಯೂ ಹಾಗೆಯೇ. ಆದರೆ ಆ ಶ್ರಮಕ್ಕೆ ನಮ್ಮ ಮನೆಯಲ್ಲಿ ಯಾರೂ ತಯಾರಿರಲಿಲ್ಲ.

ಅಜ್ಜಿ ಫೋನು ಕಸಿದುಕೊಳ್ಳುವ ಮೊದಲೇ ಹಿತ್ತಿಲಿಗೆ ಓಡಿ ಸರ್‌ಗೆ ಫೋನ್ ಮಾಡಿದೆ. ಸರ್ ಯಲಬುರ್ಗಾ ಕಡೆಯವರು, ಹಬ್ಬಕ್ಕೆ ಊರಿಗೆ ಹೋಗಿದ್ದರು.

“ಸರ್, ಲ್ಯಾಪ್‌ಟಾಪ್ ಪೂಜಾಕ್ಕ ಕುಂತೈತ್ರಿ. ನಮ್ಮಜ್ಜಿ ಮುಟ್ಟಾಕ ಬಿಡವಲ್ಲಳ್ರಿ.”

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ನನ್ನ ಅಂಕಗಳು ಕಾಲುವೆ ಪಾಲಾದವು ಎಂದುಕೊಂಡೆ. ಆಮೇಲೆ ಸರ್ ಮೆಲುದನಿಯಲ್ಲಿ ಹೇಳಿದರು: “ನಿಮ್ಮಲ್ಲಿ ಅಜ್ಜಿ, ನಮ್ಮಲ್ಲಿ ಅವ್ವ. ನಂದೂ ಹಾರ ಹಾಕ್ಕೊಂಡ್ ಕುಂತೈತವಾ. ನೀವು ಕಳ್ಸಿದ್ರೂ ನಾ ಎದರಾಗ ನೋಡ್ಲಿ? ನಾಡದ್ದು ಕಳ್ಸರಿ ಅಂತ ಗ್ರೂಪಿನ್ಯಾಗ ಹಾಕ್ತೀನಿ. ಕಾರಣ ಮಾತ್ರ ಯಾರ ಮುಂದೂ ಹೇಳಬ್ಯಾಡ.”

ಬದುಕಿದೆ! ಅಲ್ಲಿದ್ದ ಎಮ್ಮೆಯನ್ನು ತಬ್ಬಿಕೊಳ್ಳಬೇಕೆನಿಸಿತು. ಫೋನಿಡುವ ಮುನ್ನ ಸರ್, “ಥರ್ಮೋ ಟೆಸ್ಟೂ ಹಬ್ಬ ಮುಗದ ಕೂಡ್ಲೆ ಐತಿ. ಆ ಪುಸ್ತಕ ಪೂಜಾಕ್ಕ ಇಟ್ಟಿಲ್ಲಲ್ಲ? ಓದು” ಎಂದರು.

ಇಟ್ಟಿರಲಿಲ್ಲ. ಅದು ನನ್ನ ಚೀಲದಲ್ಲೇ ಇತ್ತು. ಆಗ ನನಗೊಂದು ಉಪಾಯ ಹೊಳೆಯಿತು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಮುಖದ ಮೇಲೆ ಇದ್ದಬದ್ದ ಭಕ್ತಿಯನ್ನೆಲ್ಲ ತಂದುಕೊಂಡು ಪಡಸಾಲೆಗೆ ಹೋಗಿ ಕುಡಗೋಲಿನ ಪಕ್ಕದಲ್ಲಿಟ್ಟೆ. “ಇದೂ ಆಯುಧಾನ ಅಜ್ಜಿ, ಇದೊಂದ್ ಉಳದಿತ್ತು.”

ಅಜ್ಜಿ ಕುಂಕುಮದ ಬಟ್ಟಲು ಹಿಡಿದೇ ಪುಸ್ತಕ ತೆರೆದಳು. ಹೊಸ ಹಾಳೆಗಳು ಗರಿಗರಿ ಎಂದವು. ನಡುವೆ ಎರಡು ಹಾಳೆ ಅಂಟಿಕೊಂಡೇ ಇದ್ದವು. ಬೆರಳಿನಿಂದ ಅವನ್ನು ಬಿಡಿಸಿ, ಬಟ್ಟಲು ಕೆಳಗಿಟ್ಟಳು.

“ದುಡದದ್ದಕ್ಕ ಪೂಜಿ, ಯವ್ವಾ. ಇದಕ್ಕ ನೀ ಇನ್ನೂ ಕೆಲಸಾನ ಹಚ್ಚಿಲ್ಲ. ಒಯ್ದು ಮೊದಲ ದುಡಸು.”

ಕಟ್ಟೆಯ ಮೇಲೆ ಕುಳಿತು ಮೊದಲ ಪಾಠ ತೆರೆದೆ. ಎದುರಿಗೆ ಟ್ರ್ಯಾಕ್ಟರು ಹಾರ ಹಾಕಿಕೊಂಡು ಹಾಯಾಗಿತ್ತು, ಒಳಗೆ ಕ್ಯಾಲ್ಕುಲೇಟರು ಹೂವು ಮುಡಿದಿತ್ತು. ಇಡೀ ಮನೆಯಲ್ಲಿ ಅಂದು ರಜೆ ಸಿಗದವರು ಆ ಪುಸ್ತಕ ಮತ್ತು ನಾನು. ಅಜ್ಜಿಯ ಪ್ರಕಾರ ಇಬ್ಬರೂ ಪೂಜೆಗೆ ಕೂರುವಷ್ಟು ದುಡಿದಿರಲಿಲ್ಲ.