ಕಾಕಾನ ನಾಲಿಗೆ, ಏಳು ಗಡಿಗೆ

ನಮ್ಮ ಕಾಕಾ ಮಣ್ಣು ತಿನ್ನುತ್ತಿದ್ದ. ಬಸುರಿಯ ಬಯಕೆ ಅಂದುಕೊಳ್ಳಬೇಡಿ, ಅವನು ಬಾವಿ ತೋಡುವ ಮನುಷ್ಯ! ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟು, "ಇನ್ನೆರಡ ಮೊಳಕ್ಕ ನೀರ" ಎನ್ನುತ್ತಿದ್ದ. ನೀರು ಬಂದೇ ಬಿಡುತ್ತಿತ್ತು. ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವನು. ನನ್ನ ಮಾತಿಗೆ ಮನೆಯ ನಾಯಿಯೂ ಬಾಲ ಆಡಿಸುತ್ತಿರಲಿಲ್ಲ. ಹೊಟ್ಟೆಕಿಚ್ಚು ಆಗದೆ ಇರುತ್ತದೆಯೇ?

ಎಂಬತ್ತರ ದಶಕದ ಕೊನೆಗೆ ಜುಗೂಳದ ಹೊಳೆದಂಡೆಯ ನಮ್ಮ ಕಬ್ಬಿನ ಹೊಲ ಸಮ ಮಾಡುವಾಗ ದೊಡ್ಡ ಹಾಸುಗಲ್ಲೊಂದು ಸಿಕ್ಕಿತು. ಪುರಾತತ್ವ ಇಲಾಖೆಯ ಸಾಹೇಬರೊಬ್ಬರು ಬಂದು ನೋಡಿ, ಬಹಳ ಪ್ರಾಚೀನ ಸಮಾಧಿ ಎಂದರು. ಉತ್ಖನನ ಶುರುವಾಯಿತು. ಸಾಹೇಬರ ಬಲಗೈ ಇನ್ನು ನಾನೇ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ನನಗೆ ಸಿಕ್ಕ ಕೆಲಸ, ಸಿಕ್ಕ ಮಡಕೆ ತೊಳೆದು ನಂಬರು ಬರೆಯುವುದು! ಗುಂಡಿಗೆ ಇಳಿದವನು ಕಾಕಾ.

ಗುಂಡಿಯ ಗೋಡೆಯಲ್ಲಿ ಮಣ್ಣು ಪದರ ಪದರವಾಗಿ ಕಾಣುತ್ತಿತ್ತು. ಕಾಕಾ ಒಂದೊಂದರ ರುಚಿ ನೋಡಿ ಹೇಳುತ್ತಿದ್ದ: "ಸಾಹೇಬ್ರ, ಇದು ಹೊಳಿ ಬಂದಾಗ ಕುಂತ ಮಣ್ಣರಿ. ಇದರ ಬುಡಕಿಂದು ಹಂಗಲ್ಲ, ಮಂದಿ ಕೈಲೇ ತುಂಬ್ಯಾರ." ಸಾಹೇಬರು ಅದನ್ನೆಲ್ಲ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು! ಒಂದು ದಿನ ತಡೆಯಲಾರದೆ ನಾನೂ ಗುಂಡಿಯ ಅಂಚಿನ ಕಪ್ಪು ಮಣ್ಣು ಬಾಯಿಗೆ ಹಾಕಿಕೊಂಡು, "ಸರ್, ಇದು ಪ್ರಾಚೀನ ಬೂದಿ!" ಎಂದೆ.

"ಥೂ, ಉಗುಳಲೇ! ನಿನ್ನೆ ಚಾ ಕಾಸಿದ ಒಲಿ ಬೂದಿ ಅದು," ಎಂದ ಕಾಕಾ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ತಳದಲ್ಲಿ ಕೆಂಪು-ಕಪ್ಪು ಗಡಿಗೆಗಳು ಸಿಕ್ಕವು. ಸತ್ತವರ ಊಟಕ್ಕೆಂದು ಇಟ್ಟದ್ದು ಎಂದರು ಸಾಹೇಬರು. ಎಲುಬುಗಳು ಮಣ್ಣಿನಲ್ಲಿ ಮಣ್ಣಾಗಿದ್ದವು. ಆ ಪದರವನ್ನು ಮಾತ್ರ ಕಾಕಾ ಬಾಯಿಗೆ ಹಾಕಲಿಲ್ಲ. "ಇದು ಮಣ್ಣಲ್ಲರಿ, ಮನಷ್ಯಾರು," ಎಂದು ಕೈಮುಗಿದ. ಅದನ್ನೂ ಬರೆದುಕೊಂಡರು! ನಾನು ಉರಿದುಹೋದೆ.

ಗಡಿಗೆಗಳನ್ನೆಲ್ಲ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿಸಿದರು. ಗುಂಡಿ ಮುಚ್ಚುವ ಕೆಲಸ ಕಾಕಾನದು. ಮರುದಿನ ಬೆಳಿಗ್ಗೆ ನೋಡುತ್ತೇನೆ, ಕಾಕಾ ಕಂಬಳಿಯಲ್ಲಿ ಏನನ್ನೋ ಕಟ್ಟಿಕೊಂಡು ಹೊಲದ ಕಡೆಗೆ ಸರಸರ ಹೋಗುತ್ತಿದ್ದಾನೆ. ಒಳಗೆ ಗಡಿಗೆಗಳು ತಾಗುವ ಸದ್ದು! ಕದ್ದುಬಿಟ್ಟ! ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಹಿಡಿದುಕೊಡಲು ಹಿಂದೆಯೇ ಓಡಿದೆ.

ಕಾಕಾ ಗುಂಡಿಯ ತಳದಲ್ಲಿ ಕೂತಿದ್ದ. ಮುಂದೆ ಕುಂಬಾರರ ಮನೆಯ ಹೊಸ ಗಡಿಗೆಗಳು, ಒಂದೊಂದರಲ್ಲೂ ಹಿಡಿ ಜೋಳ.

"ಕಾಕಾ, ಏನ ಮಾಡಾಕತ್ತಿ?"

"ಇವರ ಭಾಂಡೆ ಎಲ್ಲಾ ಸಾಹೇಬ್ರು ಒಯ್ಯಾಕತ್ತಾರ. ಇವರು ಇನ್ನ ಯಾತರಾಗ ಉಣಬೇಕಲೇ?" ಎಂದು ತಲೆ ಎತ್ತಿದ. "ನೀ ಕಲಿತಾಂವ, ನಂಬರ ಹಾಕೀದಿ. ಎಷ್ಟ ಇದ್ದವು ಹೇಳ. ನಾ ಆರ ತಂದೇನಿ."

"ಏಳು," ಎಂದೆ. ನಾಚಿಕೆಯಾಯಿತು. ಮನೆಗೆ ಓಡಿದೆ. ಕೈಗೆ ಸಿಕ್ಕ ಅವ್ವನ ಮೊಸರಿನ ಗಡಿಗೆಯನ್ನು ಮೊಸರಿನ ಸಮೇತ ತಂದು ಕೆಳಗೆ ಕೊಟ್ಟೆ.

ಕಾಕಾ ಬೆರಳದ್ದಿ ರುಚಿ ನೋಡಿದ. "ಛಲೋ ಮಾಡಿದಿ. ಬರೇ ಜೋಳ ಹೆಂಗ ಉಣ್ತಿದ್ರು?"